ಸಹಿ ಕೊನೆಗೆ, ಬರವಣಿಗೆ ಮೊದಲು: ಚೆಕ್ ಬರೆಯೋರಿಗೆ ನಾಲ್ಕು ಮಾತು

ಚಹಾದ ಅಂಗಡಿಯಿಂದ ಹಿಡಿದು ಮನೆ ಬಾಡಿಗೆವರೆಗೂ ಮೊಬೈಲ್‌ನಲ್ಲೇ ದುಡ್ಡು ಕಳಿಸೋ ನಮ್ಮ ವಯಸ್ಸಿನವರಿಗೆ ಚೆಕ್‌ಬುಕ್ ಬೇಕಾಗೋದು ವರ್ಷಕ್ಕೆ ಒಂದೆರಡು ಸಲ. ಆದರೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಸಾಲ, ಉದ್ರಿ, ಗುತ್ತಿಗೆ ಎಂದರೆ ಇನ್ನೂ ಚೆಕ್ಕೇ ಕೇಳುತ್ತಾರೆ. ಮನೆಯಲ್ಲಿ ಓದಿದವರು ಅಂತ ಬರೆಯೋ ಕೆಲಸ ನಮ್ಮ ಪಾಲಿಗೇ ಬರುತ್ತೆ.

ಬರೆಯೋದು ಕಷ್ಟವೇನಲ್ಲ. ಬಲಗಡೆ ಮೇಲಿನ ಎಂಟು ಚೌಕಗಳಲ್ಲಿ ದಿನ, ತಿಂಗಳು, ವರ್ಷ. ಆ ದಿನಾಂಕದಿಂದ ಮೂರು ತಿಂಗಳು ಮಾತ್ರ ಚೆಕ್ ನಡೆಯುತ್ತೆ. 2012ರ ಏಪ್ರಿಲ್‌ಗಿಂತ ಮುಂಚೆ ಆರು ತಿಂಗಳಿತ್ತು. ಹೆಸರನ್ನು ಅವರ ಖಾತೆಯಲ್ಲಿರೋ ಹಾಗೇ, ಗೆರೆಯ ಎಡತುದಿಯಿಂದ ಶುರು ಮಾಡಿ. ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ‘ಆರ್ ಬೇರರ್’ ಎಂಬುದನ್ನು ಹೊಡೆದುಹಾಕಿ, ಎಡಮೂಲೆಯಲ್ಲಿ ಎರಡು ಅಡ್ಡಗೆರೆ ಹಾಕಿ, ನಡುವೆ ‘ಅಕೌಂಟ್ ಪೇಯೀ’ ಅಂತ ಬರೆದರೆ ದುಡ್ಡು ಅವರ ಖಾತೆಗೇ ಹೋಗುತ್ತೆ, ಕೌಂಟರ್‌ನಲ್ಲಿ ನಗದಾಗಿ ಸಿಗಲ್ಲ.

ಮೊತ್ತವನ್ನು ಅಕ್ಷರದಲ್ಲಿ ‘ಹದಿನೆಂಟು ಸಾವಿರದ ಐನೂರು ಮಾತ್ರ’, ಅಂಕಿಯಲ್ಲಿ ‘18,500/-’. ಎರಡೂ ಒಂದೇ ಇರಬೇಕು. ಹೌದು, ಕನ್ನಡದಲ್ಲೇ ಬರೆಯಬಹುದು. ರಿಸರ್ವ್ ಬ್ಯಾಂಕ್ ಇದಕ್ಕೆ ಅವಕಾಶ ಕೊಟ್ಟಿದೆ. ಹೆಸರಲ್ಲೋ ಮೊತ್ತದಲ್ಲೋ ತಪ್ಪಾದರೆ ತಿದ್ದಬೇಡಿ, ಹೊಸ ಹಾಳೆ ತಗೊಳ್ಳಿ. ಕೆಳಗಿನ ಬಿಳಿ ಪಟ್ಟಿಯ ಮೇಲೆ ಏನೂ ಬರೆಯಬೇಡಿ. ₹50,000 ಮೇಲಿದ್ದರೆ ಚೆಕ್‌ನ ವಿವರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ‘ಪಾಸಿಟಿವ್ ಪೇ’ ಮೂಲಕ ಮೊದಲೇ ತಿಳಿಸಿಡಿ.

ಇಷ್ಟೆಲ್ಲಾ ಆದ ಮೇಲೆ ಸಹಿ. ನಮ್ಮ ಕಡೆ ಈ ಕ್ರಮವೇ ತಿರುಗುಮುರುಗು.

ಸುರಪುರದ ನಮ್ಮ ಮಾಮಾ ಹತ್ತಿ ಬೆಳೀತಾರೆ. ಬೀಜ, ಗೊಬ್ಬರ ಉದ್ರಿ ತರೋವಾಗ ಅಂಗಡಿಯವರು ಖಾಲಿ ಚೆಕ್ ಕೇಳಿದ್ದರು.

“ಮಾಮಾ, ಎಷ್ಟು ಬಾಕಿನೋ ಅಷ್ಟೇ ಬರದು ಕೊಡ್ರಿ” ಅಂದೆ.

“ಹಳೇ ಪರಿಚಯದವ ಅದಾನೋ. ಸಹಿ ಮಾಡಿ ಕೊಡು, ಉಳಿದದ್ದು ನಾವು ಬರ್ಕೋತೀವಿ ಅಂತಾನ.”

ಅಪಾಯ ಇರೋದು ಆ ‘ಬರ್ಕೋತೀವಿ’ಯಲ್ಲೇ. ಸಹಿ ಮಾಡಿದ ಖಾಲಿ ಚೆಕ್ ಕೊಟ್ಟರೆ ತುಂಬಿಕೊಳ್ಳೋ ಅಧಿಕಾರವನ್ನೂ ಕೊಟ್ಟ ಹಾಗೆ. ಬೇರೆಯವರು ತುಂಬಿದರು ಅನ್ನೋ ಒಂದೇ ಕಾರಣಕ್ಕೆ ಚೆಕ್ ಅಸಿಂಧು ಆಗಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟು ಸಾಲ ಇರಲಿಲ್ಲ ಎಂದು ತೋರಿಸೋ ಹೊಣೆ ಸಹಿ ಮಾಡಿದವರದ್ದೇ. ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸಾಗಿ, ನೋಟಿಸ್ ಬಂದು 15 ದಿನದಲ್ಲಿ ಕೊಡದಿದ್ದರೆ 138ನೇ ಕಲಮಿನಡಿ ಕೇಸು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ದುಪ್ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ.

ಇದನ್ನೆಲ್ಲಾ ಹೇಳಿದ ಮೇಲೆ ಮಾಮಾ ಒಪ್ಪಿದರು. ಅಂಗಡಿಯ ಹೆಸರು, ಬಾಕಿ ಮೊತ್ತ, ಹತ್ತಿ ಮಾರೋ ಹೊತ್ತಿನ ಜನವರಿ ದಿನಾಂಕ ಬರೆದು ಅಡ್ಡಗೆರೆ ಹಾಕಿದೆವು. ಅಂಗಡಿಯವರು ಮೊದಲು ಗೊಣಗಿದರು, ಆಮೇಲೆ ತಗೊಂಡರು. ಚೆಕ್ ನಂಬರ್ ಹಾಕಿ ರಸೀದಿಯನ್ನೂ ಕೊಟ್ಟರು.

ನಿಮ್ಮ ಮನೆಯಿಂದ ಹಿಂದೆ ಇಂಥ ಚೆಕ್ ಹೋಗಿದೆಯಾ, ಈ ವಾರ ಅಪ್ಪ-ಅವ್ವನನ್ನು ಕೇಳಿ. ಸಾಲ ತೀರಿದ್ದರೆ ಚೆಕ್ ವಾಪಸ್ ಇಸ್ಕೊಳ್ಳಿ. ಸಿಗದಿದ್ದರೆ ತೀರಿಸಿದ್ದಕ್ಕೆ ರಸೀದಿ ಬರೆಸಿಕೊಂಡು, ನಂಬರ್ ಕೊಟ್ಟು ಬ್ಯಾಂಕಿನಲ್ಲಿ ‘ಸ್ಟಾಪ್ ಪೇಮೆಂಟ್’ ಮಾಡಿಸಿ.