ನಾಲೆಯೂ ನೀತಿಯೂ

ಮಂಡ್ಯದ ಹೆಸರೆತ್ತಿದೊಡನೆ ಕಬ್ಬಿನ ಗದ್ದೆಯೂ ಆಲೆಮನೆಯೂ ಕಣ್ಮುಂದೆ ನಿಲ್ಲುವುದರಿಂದ, ಆ ಸೀಮೆಯ ಬಹುಭಾಗವು ಒಂದು ಶತಮಾನದ ಹಿಂದೆ ಮಳೆಯನ್ನೇ ನಂಬಿ ರಾಗಿ, ಜೋಳ, ಹುರುಳಿಗಳನ್ನು ಬೆಳೆಯುತ್ತಿದ್ದ ಖುಷ್ಕಿ ಭೂಮಿಯಾಗಿತ್ತೆಂಬುದು ಇಂದಿನವರಿಗೆ ಸುಲಭವಾಗಿ ನೆನಪಾಗುವುದಿಲ್ಲ. ಈ ಮಾರ್ಪಾಟು ಬಹುಮಟ್ಟಿಗೆ ರಾಜ್ಯನೀತಿಯ ಫಲ.

1911ರಲ್ಲಿ ಮೈಸೂರು ಸಂಸ್ಥಾನವು ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟತೊಡಗಿತು. 1924ರಲ್ಲಿ ಮದರಾಸು ಸರಕಾರದೊಡನೆ ಆದ ಒಪ್ಪಂದವು ಆ ಜಲಾಶಯದ ಆಶ್ರಯದಲ್ಲಿ 1,25,000 ಎಕರೆ ಹೊಸ ನೀರಾವರಿಗೆ ಎಡೆಮಾಡಿಕೊಟ್ಟಿತು. ಇರ್ವಿನ್ ನಾಲೆಯೆಂದು ಕರೆಸಿಕೊಂಡು ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾಲುವೆಯು ಆ ನೀರನ್ನು ಮಂಡ್ಯದ ಹೊಲಗಳಿಗೆ ತಂದಿತು. ಆದರೆ ನೀರು ಬಂದ ಮಾತ್ರಕ್ಕೆ ಕಬ್ಬಿಗೆ ಕೊಳ್ಳುವವರು ಹುಟ್ಟುವುದಿಲ್ಲ. ಜಾವಾದ ಸಕ್ಕರೆಯ ಸ್ಪರ್ಧೆಯಿಂದ ದೇಶೀಯ ಉದ್ಯಮವನ್ನು ಕಾಪಾಡುವ ಸಲುವಾಗಿ ಭಾರತ ಸರಕಾರವು 1932ರಲ್ಲಿ ರಕ್ಷಣಾ ಸುಂಕದ ಶಾಸನವನ್ನು ಮಾಡಿತು. ಮರುವರ್ಷವೇ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಹೀಗೆ ದೆಹಲಿಯ ಸುಂಕವೂ ಕನ್ನಂಬಾಡಿಯ ನೀರೂ ಕೂಡಿ ರೈತನ ಬೆಳೆಯನ್ನು ನಿರ್ಣಯಿಸಿದವು.

ಈ ವ್ಯವಸ್ಥೆಯಲ್ಲಿ ಮೊದಲು ಒಂದು ಸಂಯಮವೂ ಇತ್ತು. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನಾಲೆಗಳಿಗಾಗಿ ಚಿಂತಿಸಿದ್ದ ಬ್ಲಾಕ್ ಪದ್ಧತಿಯ ತತ್ತ್ವವೇನೆಂದರೆ, ಕಬ್ಬು, ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಭೂಮಿಯ ಬೇರೆಬೇರೆ ಭಾಗಗಳಲ್ಲಿ ಸರದಿಯಂತೆ ಬೆಳೆಯುವುದರಿಂದ ನೀರು ಹೆಚ್ಚು ಗ್ರಾಮಗಳಿಗೆ ಹಂಚಿಕೆಯಾಗಬೇಕು, ನೆಲವು ಜವುಗಾಗದೆ ಉಳಿಯಬೇಕು ಎಂಬುದು. ಈ ತತ್ತ್ವವೇ ಮಂಡ್ಯದ ನಾಲಾಪ್ರದೇಶಕ್ಕೂ ಅನ್ವಯಿಸಲ್ಪಟ್ಟಿತು.

ಕಾಲಕ್ರಮದಲ್ಲಿ ಈ ಶಿಸ್ತು ಸಡಿಲವಾದುದಕ್ಕೆ ರೈತನ ಲೋಭವನ್ನೊಂದನ್ನೇ ಕಾರಣವಾಗಿ ಹೇಳುವುದು ನ್ಯಾಯವಲ್ಲ. ಕಬ್ಬಿಗೆ ಕಾರ್ಖಾನೆಯೂ ಸರಕಾರ ಗೊತ್ತುಪಡಿಸಿದ ದರವೂ ಉಂಟು. ರಾಗಿಗಾದರೋ ಅಂತಹ ಆಸರೆ ಬಹುಕಾಲ ಇರಲಿಲ್ಲ. ನೀರಿನ ಕರವು ಹರಿದ ನೀರಿನ ಅಳತೆಯನ್ನು ನೋಡದೆ ಬೆಳೆಯನ್ನೂ ಎಕರೆಯನ್ನೂ ನೋಡಿ ಬೀಳುವುದರಿಂದ, ನೀರನ್ನು ಉಳಿಸಿದವನಿಗೆ ಒಂದು ಕಾಸಿನ ಲಾಭವೂ ಇಲ್ಲ. ಆದುದರಿಂದಲೇ ನಾಲೆಯ ಮೇಲ್ಭಾಗದ ಗದ್ದೆಗಳು ತುಂಬಿ ತುಳುಕುವಾಗಲೂ ಕೊನೆಯ ಭಾಗದವರು ನೀರ್ಗಂಟಿಯ ದಾರಿ ಕಾಯಬೇಕಾಗುತ್ತದೆ.

ಈಚಿನ ವರ್ಷಗಳಲ್ಲಿ ಕರ್ನಾಟಕ ಸರಕಾರವು ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚತೊಡಗಿದೆ. ಖರೀದಿಯ ಕೇಂದ್ರಗಳ ಮುಂದೆ ರೈತರು ಸಾಲುಗಟ್ಟಿ ನಿಂತದ್ದೂ ಉಂಟು. ಬೆಳೆಯನ್ನು ಬದಲಿಸಿರೆಂದು ರೈತನಿಗೆ ಉಪದೇಶಿಸುವ ಸರಕಾರವು ಮೊದಲು ತನ್ನ ಬೆಲೆ, ಖರೀದಿ ಮತ್ತು ನೀರಿನ ಕರದ ನಿಯಮಗಳನ್ನು ಬದಲಿಸಬೇಕು. ಅದಾಗದೆ ಉಪದೇಶದಿಂದ ಒಂದು ಎಕರೆಯ ಬೆಳೆಯೂ ಬದಲಾಗದು.