ನೋಟ್ ಪುಸ್ತಕ ತುಂಬಿದರೆ ಬರವಣಿಗೆ ಬಂತೇ?

ಮಗು ಶಾಲೆಯಿಂದ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಉಮ್ಮ ಕೇಳುವ ಮೊದಲ ಮಾತು, 'ಹೋಂವರ್ಕ್ ಎಷ್ಟುಂಟು?' ಅಂತ. ಒಂದೇ ಪಾಠವನ್ನು ಐದು ಸಲ, ಹತ್ತು ಸಲ ಬರೆದು ಪುಸ್ತಕ ತುಂಬುತ್ತದೆ. ಅಕ್ಷರವೂ ಮುತ್ತಿನ ಹಾಗೆ ಇರುತ್ತದೆ. ಆದರೆ ಅದೇ ಮಗುವಿಗೆ 'ನಿನ್ನೆ ಸಂಜೆ ಏನು ಮಾಡಿದೆ, ಎರಡು ಗೆರೆ ಬರಿ ನೋಡುವ' ಅಂದರೆ ಪೆನ್ಸಿಲ್ ಕಚ್ಚಿಕೊಂಡು ಕೂತುಬಿಡುತ್ತದೆ. ಯಾಕೆಂದರೆ ಅದು ಇಷ್ಟು ದಿನ ಮಾಡಿದ್ದು ನಕಲು. ಬರವಣಿಗೆ ಅಂದರೆ ತನ್ನ ಮಾತನ್ನು ಕಾಗದಕ್ಕೆ ಇಳಿಸುವುದು.

ನಾವು ಕರಾವಳಿ ಬಿಟ್ಟು ಬಂದು ಯಾದಗಿರಿ ತಾಲೂಕಿನ ಬಳಿಚಕ್ರದಲ್ಲಿ ಮಕ್ಕಳಿಗೆ ಕಲಿಸುತ್ತಿರುವವರು. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡಾ 88.57. ರಾಜ್ಯದ್ದು 75.36. ಯಾದಗಿರಿಯದ್ದು ಬರೀ 51.83, ರಾಜ್ಯದಲ್ಲೇ ಕಡಿಮೆ. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೈಹಿಡಿದು ಬರೆಸುವವರು ಇಲ್ಲ. ಅಲ್ಲಿ ಬರೆಸುವವರು ಇದ್ದಾರೆ, ಆದರೆ ಬರೆಸುವುದು ನಕಲನ್ನೇ. ಎರಡೂ ಕಡೆ ಮಗು ಮುಗ್ಗರಿಸುವ ಜಾಗ ಒಂದೇ.

ತಪ್ಪು ಕೈಯದ್ದಲ್ಲ, ಬಾಯಿಯದ್ದು

ಬ್ಯಾರಿ ಮಕ್ಕಳ ಕನ್ನಡ ಪುಸ್ತಕ ತೆರೆದು ನೋಡಿ. 'ಹಳ್ಳಿ' ಹೋಗಿ 'ಹಲ್ಲಿ' ಆಗಿರುತ್ತದೆ, 'ಬಾಳೆ' ಹೋಗಿ 'ಬಾಲೆ'. 'ಹಣ' ಇದ್ದಲ್ಲಿ 'ಹನ'. ಇದಕ್ಕೆ ಕಾರಣ ಉಂಟು. ನಮ್ಮ ಬ್ಯಾರಿ ಮಾತಿನಲ್ಲಿ ಳ ಮತ್ತು ಣ ಸವೆದು ಲ, ನ ಆಗಿವೆ. ಇಲ್ಲಿ ಬಳಿಚಕ್ರದಲ್ಲಿ ಮನೆಯಲ್ಲಿ ಉರ್ದು ಆಡುವ ಮಕ್ಕಳೂ ಹೀಗೇ ಬರೆಯುತ್ತಾರೆ. ಆ ಮಾತಿನಲ್ಲಿಯೂ ಳ ಇಲ್ಲ. ಐನೂರು ಕಿಲೋಮೀಟರ್ ಆಚೆ ಈಚೆ ಇರುವ ಎರಡು ಮಕ್ಕಳು ಒಂದೇ ತಪ್ಪು ಮಾಡುತ್ತಾರೆ ಅಂದರೆ ಅದು ದಡ್ಡತನ ಅಲ್ಲ. ಕಿವಿ ಕೇಳದ ಸ್ವರವನ್ನು ಕೈ ಬರೆಯುವುದಿಲ್ಲ, ಅಷ್ಟೆ.

'ಹಳ್ಳಿ' ಅಂತ ಇಪ್ಪತ್ತು ಸಲ ಬರೆಸಿದರೆ ಇದು ಸರಿಯಾಗದು. ಮೊದಲು ಬಾಯಿಯಲ್ಲಿ ಆಡಿಸಬೇಕು. ನಾಲಗೆ ಮೇಲಕ್ಕೆ ಮಡಚಿ ಳ, ಹಲ್ಲಿನ ಹತ್ತಿರ ತಂದು ಲ. ಗೋಡೆಯ ಮೇಲೆ ಓಡುವುದು ಹಲ್ಲಿ, ನಾವು ಇರುವುದು ಹಳ್ಳಿ ಅಂದರೆ ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಮರೆಯುವುದಿಲ್ಲ.

ಮೂರು ಲಿಪಿ, ಒಂದು ಕೈ

ಇನ್ನೊಂದು ಮಾತು. ನಮ್ಮ ಮಗು ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಬರೆಯುತ್ತದೆ. ಶಾಲೆಗೆ ಹೋದ ಮೇಲೆ ಎಡದಿಂದ ಬಲಕ್ಕೆ. ಅರಬಿ ಅಕ್ಷರ ಪದದ ಮೊದಲಿಗೆ ಒಂದು ರೂಪ, ನಡುವೆ ಒಂದು, ಕೊನೆಗೆ ಇನ್ನೊಂದು. ಕನ್ನಡದಲ್ಲಿ ತಲೆಯ ಮೇಲೆ ಗುಣಿತ, ಕಾಲಿನ ಕೆಳಗೆ ಒತ್ತು. ಇದರ ಮೇಲೆ ಇಂಗ್ಲಿಷ್ ಬೇರೆ. ಆರು ವರ್ಷದ ಕೈಗೆ ಇದು ಸಣ್ಣ ಕೆಲಸ ಅಲ್ಲ. ಗೆರೆ ಎಲ್ಲಿಂದ ಶುರು ಅಂತ ಒಂದು ಚುಕ್ಕಿ ಇಟ್ಟುಕೊಟ್ಟರೆ ಮಗುವಿಗೆ ಅರ್ಧ ಗೊಂದಲ ಕಡಿಮೆ. ಉಸ್ತಾದರೂ ಶಾಲೆಯ ಟೀಚರೂ ತಿಂಗಳಿಗೊಮ್ಮೆ ಕೂತು ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ಮಗು ಇಬ್ಬರದ್ದೂ ಅಲ್ಲವೇ?

ನಲಿ ಕಲಿ ಹೇಳಿದ ಬುದ್ಧಿ

ಸರಕಾರಿ ಶಾಲೆಯ ಬಗ್ಗೆ ಹಗುರವಾಗಿ ಮಾತಾಡುವವರು ಒಂದು ವಿಷಯ ತಿಳಿಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 'ನಲಿ ಕಲಿ' ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಕ್ರಮ ನೋಡಿ ಬಂದು ಕಟ್ಟಿದ್ದು ಅದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅಕ್ಷರ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರು. ಈ ಐದು ಬಂದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಬರೆಯುತ್ತದೆ. ವರ್ಣಮಾಲೆ ಮುಗಿಯುವ ತನಕ ಕಾಯಬೇಕಾಗಿಲ್ಲ. ಗೋಡೆಯ ಕೆಳಗೆ, ಮಕ್ಕಳ ಕೈಗೆ ಎಟಕುವ ಹಾಗೆ ಕಪ್ಪು ಹಲಗೆ ಇರುತ್ತದೆ. ಬರೆದದ್ದು ತಪ್ಪಾದರೆ ಮಗು ತಾನೇ ಒರೆಸಿಬಿಡಬಹುದು. ನೋಟ್ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದ ಹಾಗೆ ಅದು ಮನಸ್ಸಿನಲ್ಲಿ ಉಳಿಯುವುದಿಲ್ಲ.

ಮಗುವಿನ ಮಾತೇ ಮೊದಲ ಪಾಠ

ಅಕ್ಷರ ಬಂದ ಮೇಲೆ ಏನು ಬರೆಸಬೇಕು? ನಾವು ಮಾಡುವುದು ಇಷ್ಟು. ಮೊದಲು ಮಗು ಮಾತಾಡಬೇಕು. ಅದು ಆಡಿದ ಒಂದು ಮಾತನ್ನು ಹಾಗೆಯೇ ಹಲಗೆಯಲ್ಲಿ ಬರೆದು ತೋರಿಸುತ್ತೇವೆ. ಅದನ್ನು ಅದೇ ಮಗು ಓದುತ್ತದೆ, ನೋಡಿ ಬರೆಯುತ್ತದೆ. ಮರುದಿನ ನೋಡದೆ ಬರೆಯುತ್ತದೆ. ನಕಲು ಮಾಡಿದರೂ ತನ್ನದೇ ಮಾತಿನ ನಕಲು. ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆ್ಯಷ್ಟನ್ ವಾರ್ನರ್ ಎಂಬ ಟೀಚರ್ ಮಾವೋರಿ ಮಕ್ಕಳಿಗೆ ಹೀಗೇ ಕಲಿಸಿದ್ದರು. ಪ್ರತಿ ಮಗುವೂ ತನಗೆ ಬೇಕಾದ ಪದ ಕೇಳುವುದು, ಅವರು ಅದನ್ನು ಕಾರ್ಡಿನಲ್ಲಿ ಬರೆದುಕೊಡುವುದು. ಹೆದರಿಕೆಯ ಪದ, ಪ್ರೀತಿಯ ಪದ ಮಕ್ಕಳಿಗೆ ಒಮ್ಮೆಗೇ ಬಂದುಬಿಡುತ್ತಿತ್ತು.

ಇಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಹಾಜರಿ ಕಡಿಮೆ. ಕೆಲವು ಮನೆಯವರು ದುಡಿಮೆಗೆ ಬೆಂಗಳೂರು, ಮುಂಬೈ ಅಂತ ಹೊರಟರೆ ಮಕ್ಕಳೂ ಜೊತೆಗೆ ಹೋಗುತ್ತಾರೆ. ನಾಲ್ಕು ದಿನ ಬಾರದಿದ್ದ ಮೂರನೇ ಕ್ಲಾಸಿನ ಹುಡುಗಿ ಒಂದು ದಿನ ಬರೆದಿದ್ದಳು: 'ಅವ್ವ ಹತ್ತಿ ಬಿಡ್ಸಲಾಕ ಹೋಗ್ಯಾಳ. ನಾ ತಮ್ಮನ್ನ ಹಿಡ್ಕೊಂಡೀನಿ.' ಪುಸ್ತಕದ ಕನ್ನಡ ಪ್ರಕಾರ ಇದರಲ್ಲಿ ತಿದ್ದಲಿಕ್ಕೆ ಬೇಕಾದಷ್ಟುಂಟು. ಆದರೆ ಹಾಜರಿ ಪುಸ್ತಕ ಹೇಳದ್ದನ್ನು ಈ ಎರಡು ಗೆರೆ ಹೇಳಿತು. ತಮ್ಮನನ್ನೂ ಕರೆದುಕೊಂಡು ಬಾ ಅಂದೆವು. ಬಂದಳು. ತಮ್ಮ ಮೂಲೆಯಲ್ಲಿ ಸೀಮೆಸುಣ್ಣ ಹಿಡಿದು ಗೀಚುತ್ತಾನೆ, ಅಕ್ಕ ಬರೆಯುತ್ತಾಳೆ. ಆ ದಿನ ಕೆಂಪು ಪೆನ್ನು ಮೊದಲು ಬಂದಿದ್ದರೆ ಅವಳು ಮತ್ತೆ ಬರೆಯುತ್ತಿರಲಿಲ್ಲ.

ತಿದ್ದಬಾರದು ಅಂತ ಅಲ್ಲ. ಮೊದಲು ಓದಿ, ಹೇಳಿದ್ದಕ್ಕೆ ಉತ್ತರ ಕೊಡಿ, ಆಮೇಲೆ ತಿದ್ದಿ. ಒಂದು ದಿನಕ್ಕೆ ಒಂದೇ ತಪ್ಪು ಸಾಕು. 'ಹೋಗ್ಯಾಳ' ಅಂದದ್ದು ಪುಸ್ತಕದಲ್ಲಿ 'ಹೋಗಿದ್ದಾಳೆ' ಆಗುತ್ತದೆ ಅಂತ ನಾಲ್ಕನೇ, ಐದನೇ ಕ್ಲಾಸಿನಲ್ಲಿ ನಿಧಾನಕ್ಕೆ ಬರುತ್ತದೆ. ಬರೆಯುವ ಧೈರ್ಯ ಮಾತ್ರ ಒಮ್ಮೆ ಹೋದರೆ ಬರುವುದು ಕಷ್ಟ.

ಮನೆಯವರಿಗೆ ಎರಡು ಮಾತು

ಒಂದು ಕಾಲದಲ್ಲಿ ಗಲ್ಫಿಗೆ ಹೋದ ಗಂಡನಿಗೆ ಕಾಗದ ಬರೆಸಲಿಕ್ಕೆ ನಮ್ಮ ಎಷ್ಟೋ ಉಮ್ಮಂದಿರು ನೆರೆಮನೆಯ ಓದಿದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಮೂರನೆಯವರ ಮುಂದೆ ಮನಸ್ಸಿನ ಮಾತು ಹೇಳಲಿಕ್ಕೆ ಆಗುತ್ತದೆಯೇ? ಕ್ಷೇಮ ಸಮಾಚಾರ ಬರೆಸಿ ಕಣ್ಣೊರೆಸಿಕೊಂಡು ಬರುತ್ತಿದ್ದರು. ಈಗ ಮೊಬೈಲಿನಲ್ಲಿ ವಾಯ್ಸ್ ಕಳಿಸಿದರೆ ಆಯಿತು. ಆದರೆ ಪಂಚಾಯತಿಗೆ ಅರ್ಜಿ, ಬ್ಯಾಂಕಿಗೆ ಪತ್ರ, ಅನ್ಯಾಯ ಆದಾಗ ದೂರು ಬರೆಯಲಿಕ್ಕೆ ಇಂದಿಗೂ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುವವರು ಇದ್ದಾರೆ. ಶಾಲೆ ಕಲಿತವರೂ ಅವರಲ್ಲಿ ಇದ್ದಾರೆ.

ಹಾಗಾಗಿ ಇವತ್ತಿನಿಂದ ಒಂದು ಸಣ್ಣ ಕೆಲಸ ಮಾಡಿ. ಅಂಗಡಿಯ ಚೀಟಿ ಮಗುವೇ ಬರೆಯಲಿ. ಊರಿನಲ್ಲಿ ಇಲ್ಲದ ಬಾಪನಿಗೆ ದಿನಕ್ಕೊಂದು ಗೆರೆ ಬರೆಯಲಿ, ಅದರ ಫೋಟೋ ಕಳಿಸಿ. ಬಾಪ ಅದಕ್ಕೆ ಒಂದು ಗೆರೆ ಉತ್ತರ ಬರೆಯಲಿ. ಅಕ್ಷರ ಸೊಟ್ಟಗಿದ್ದರೆ ಇರಲಿ. ಹತ್ತು ಸಲ ನಕಲು ಮಾಡಿದ ಒಂದು ಪುಟಕ್ಕಿಂತ, ಉತ್ತರ ಬರುವ ಒಂದು ಗೆರೆಯೇ ಮಗುವಿಗೆ ಬರೆಯಲು ಕಲಿಸುತ್ತದೆ.