ನಿಮಗಿದು ಗೊತ್ತೆ? ನೀರಿಲ್ಲದೆ ಬಾತುಕೋಳಿಗೆ ಊಟವಿಲ್ಲ!

ಬಾತುಕೋಳಿ ಒಂದು ತುತ್ತು ಒಣ ಆಹಾರ ತಿಂದರೆ ಸಾಕು, ನೀರಿನ ಪಾತ್ರೆಯತ್ತ ಓಡುತ್ತದೆ. ನೀರಿಲ್ಲದಿದ್ದರೆ ತುತ್ತು ಸಲೀಸಾಗಿ ಇಳಿಯದು, ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಲೂಬಹುದು. ಅದರ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಸಾಲುಗಳಿವೆ. ನೀರು ಅವುಗಳ ಸಂದಿಯಿಂದ ಹೊರಹೋಗುತ್ತದೆ, ಕಾಳು ಒಳಗುಳಿಯುತ್ತದೆ. ಅಂಗಳ ರಾಡಿಯಾಗುವುದು ಇದರಿಂದಲೇ. ಪಾಪ, ಹಕ್ಕಿಯ ತಪ್ಪಲ್ಲ. ರಾಡಿಗೆ ಬೇಸತ್ತು ನೀರು ಕಡಿಮೆ ಮಾಡಬೇಡಿ. ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳಲು ತಲೆ ಮುಳುಗುವಷ್ಟು ಆಳದ ಪಾತ್ರೆ ಅದಕ್ಕೆ ಬೇಕೇ ಬೇಕು. ಚೆಲ್ಲಿದ ನೀರು ಇಂಗಲು ಕೆಳಗೆ ಜಲ್ಲಿ ಹಾಸಿ. ನೆನೆದು ಉಳಿದ ಆಹಾರವನ್ನು ಅಂದೇ ತೆಗೆದುಹಾಕಿ. ಬೂಷ್ಟು ಹಿಡಿದ ಆಹಾರದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷಕ್ಕೆ ಕೋಳಿಗಿಂತ ಬಾತುಕೋಳಿಯೇ ಬೇಗ ಬಲಿಯಾಗುತ್ತದೆ.